ನಮ್ಮ ಮೈಯಲ್ಲಿ ಬದುಕುವ ಸೂಕ್ಷ್ಮಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಿ ಅಂದ ಕೂಡಲೇ ಹೆಚ್ಚಿನವರಿಗೆ ಕಾಯಿಲೆ ನೆನಪಾಗುತ್ತದೆ. ನಾನು ಈ ವಿಷಯ ಓದಲು ಶುರು ಮಾಡಿದ ಮೇಲೆ ಸ್ನೇಹಿತರು, ನೆಂಟರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲ ಒಂದೇ ಕಡೆ ಇರಲಿ ಅಂತ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತದೆ. ಕೆಲವಕ್ಕೆ ಸ್ವಲ್ಪ ಸಮಾಧಾನವಾಗಿ ಕೂತು ಓದಬೇಕು.

ನಮ್ಮ ಮೈಯಲ್ಲಿ ಒಟ್ಟು ಎಷ್ಟು ಬ್ಯಾಕ್ಟೀರಿಯಾ ಇವೆ?

ಸುಮಾರು 38 ಲಕ್ಷ ಕೋಟಿ. ಇದು 70 ಕಿಲೋ ತೂಕದ ಒಬ್ಬ ಗಂಡಸಿಗೆ ಹಾಕಿದ ಲೆಕ್ಕ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ಎರಡೂ ಹತ್ತಿರ ಹತ್ತಿರ ಸಮ. ಬ್ಯಾಕ್ಟೀರಿಯಾ ತೀರಾ ಸಣ್ಣವು, ಹಾಗಾಗಿ ಎಲ್ಲ ಸೇರಿಸಿ ತೂಗಿದರೂ 200 ಗ್ರಾಂ ಆಸುಪಾಸು ಬರುತ್ತದೆ.

‘ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಜಾಸ್ತಿ’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದು 1970ರ ದಶಕದಲ್ಲಿ ಯಾರೋ ಅಂದಾಜಿಗೆ ಹಾಕಿದ ಲೆಕ್ಕ, ಪುಸ್ತಕದಿಂದ ಪುಸ್ತಕಕ್ಕೆ ಸುಮ್ನೆ ಇಳಿದು ಬಂತು. 2016ರಲ್ಲಿ ಸೆಂಡರ್, ಫುಕ್ಸ್ ಮತ್ತು ಮಿಲೋ ಎಂಬ ಮೂವರು ವಿಜ್ಞಾನಿಗಳು ಕೂತು ಮತ್ತೆ ಲೆಕ್ಕ ಹಾಕಿದ ಮೇಲೆ ಮೇಲಿನ ಸಂಖ್ಯೆ ಸಿಕ್ಕಿತು. ಇದರಲ್ಲಿ ವೈರಸ್, ಶಿಲೀಂಧ್ರ ಸೇರಿಲ್ಲ, ಅವು ಬೇರೆ.

ಇದನ್ನು ಸಹಜೀವನ ಅನ್ನುವುದು ಯಾಕೆ?

ಎರಡು ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದಕ್ಕೆ ಜರ್ಮನಿಯ ಆಂಟನ್ ಡಿ ಬ್ಯಾರಿ 1879ರಲ್ಲಿ ಆ ಹೆಸರು ಕೊಟ್ಟ. ಒಟ್ಟಿಗೆ ಬಾಳುವುದು ಅಂದಾಗ ಇಬ್ಬರಿಗೂ ಲಾಭ ಆಗಲೇಬೇಕು ಅಂತ ಅವನು ಹೇಳಿರಲಿಲ್ಲ. ಇಬ್ಬರಿಗೂ ಲಾಭ ಇರಬಹುದು, ಒಬ್ಬರಿಗೆ ಲಾಭ ಇದ್ದು ಇನ್ನೊಬ್ಬರಿಗೆ ಏನೂ ಆಗದೆ ಇರಬಹುದು, ಒಬ್ಬರ ಲಾಭ ಇನ್ನೊಬ್ಬರ ನಷ್ಟವೂ ಆಗಬಹುದು. ನಮ್ಮ ಮೈಯಲ್ಲಿ ಈ ಮೂರೂ ನಡೆಯುತ್ತವೆ. ಒಂದೇ ಬ್ಯಾಕ್ಟೀರಿಯಾ ಮೂರೂ ಪಾತ್ರ ಮಾಡುವುದೂ ಉಂಟು.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾ ಯಾವುವು, ಕೆಟ್ಟವು ಯಾವುವು?

ಈ ಪ್ರಶ್ನೆ ಕೇಳದವರೇ ಇಲ್ಲ. ನನ್ನ ಪ್ರಕಾರ ಎಲ್ಲ ಗೊಂದಲ ಶುರುವಾಗುವುದೂ ಇಲ್ಲೇ.

ಕಾಲರಾ, ಪ್ಲೇಗಿನ ಬ್ಯಾಕ್ಟೀರಿಯಾ ಬಗ್ಗೆ ವಾದ ಬೇಡ, ಅವು ಬಂದರೆ ತೊಂದರೆಯೇ. ಆದರೆ ನಮ್ಮ ಜೊತೆ ದಿನಾ ಇರುವವುಗಳಿಗೆ ಒಳ್ಳೆಯದು, ಕೆಟ್ಟದ್ದು ಅಂತ ಹಣೆಪಟ್ಟಿ ಅಂಟಿಸಲು ಆಗುವುದಿಲ್ಲ. ಈ.ಕೋಲಿಯನ್ನೇ ತೆಗೆದುಕೊಳ್ಳಿ. 1885ರಲ್ಲಿ ಥಿಯೋಡೋರ್ ಎಷರಿಷ್ ಎಂಬ ಮಕ್ಕಳ ವೈದ್ಯ ಅದನ್ನು ಪುಟ್ಟ ಮಕ್ಕಳ ಮಲದಲ್ಲಿ ಗುರುತಿಸಿದ. ನಮ್ಮ ಕರುಳಲ್ಲಿ ಅದು ಜೀವಮಾನವಿಡೀ ತೆಪ್ಪಗೆ ಇರುತ್ತದೆ. ಅದೇ ಈ.ಕೋಲಿ ಮೂತ್ರನಾಳಕ್ಕೆ ಹತ್ತಿದರೆ ಉರಿಮೂತ್ರ, ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಬ್ಯಾಕ್ಟೀರಿಯಾ ಬದಲಾಗಲಿಲ್ಲ, ಅದು ಇರುವ ಜಾಗ ಬದಲಾಯಿತು ಅಷ್ಟೆ. ಅದರ ತಳಿಗಳಲ್ಲೂ ತುಂಬಾ ವ್ಯತ್ಯಾಸವಿದೆ. ಕೆಲವು ತಳಿಗಳು ರಕ್ತಭೇದಿ ತರುತ್ತವೆ. ಮೊದಲನೇ ಮಹಾಯುದ್ಧದಲ್ಲಿ ಸುತ್ತಲಿನವರಿಗೆಲ್ಲ ಭೇದಿ ಹತ್ತಿದರೂ ಒಬ್ಬ ಸೈನಿಕನಿಗೆ ಏನೂ ಆಗಲಿಲ್ಲ. 1917ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಆ ಸೈನಿಕನ ಮಲದಿಂದ ಈ.ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿದ. ಅದು ಇವತ್ತಿಗೂ ಔಷಧಿಯಾಗಿ ಬಳಕೆಯಲ್ಲಿದೆ.

ಹಾಗಾಗಿ ಯಾರಾದರೂ ಒಂದು ಬ್ಯಾಕ್ಟೀರಿಯಾದ ಹೆಸರು ಹೇಳಿ ಇದು ಒಳ್ಳೆಯದಾ ಅಂತ ಕೇಳಿದರೆ, ಎಲ್ಲಿದೆ, ಯಾವ ತಳಿ, ಎಷ್ಟಿದೆ, ಬೇಲಿ ಗಟ್ಟಿಯಾಗಿದೆಯಾ ಅಂತ ನಾನು ತಿರುಗಿ ಕೇಳುತ್ತೇನೆ. ಬೇಲಿ ಅಂದರೆ ಏನು ಅಂತ ಕೆಳಗೆ ಬರುತ್ತದೆ.

ಅವು ನಮಗೆ ಏನು ಕೊಡುತ್ತವೆ?

ನಾವು ತಿನ್ನುವ ನಾರಿನಂಶವನ್ನು ಅರಗಿಸಲು ಬೇಕಾದ ಕಿಣ್ವಗಳು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70 ಶೇಕಡಾ ಬರುವುದು ಈ ಬ್ಯುಟಿರೇಟಿನಿಂದ. ಅಂದರೆ ನಮ್ಮ ಕರುಳಿನ ಗೋಡೆಗೆ ಊಟ ಬಡಿಸುವುದು ಬ್ಯಾಕ್ಟೀರಿಯಾ!

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಬ್ಯುಟಿರೇಟ್ ಉರಿಸಲು ಆ ಜೀವಕೋಶಗಳು ಆಮ್ಲಜನಕ ಬಳಸುತ್ತವೆ. ಹಾಗೆ ಬಳಸಿ ಖಾಲಿ ಮಾಡುವುದರಿಂದ ಕರುಳಿನ ಒಳಗೆ ಆಮ್ಲಜನಕ ಸೋರುವುದಿಲ್ಲ. ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಅಂದರೆ ವಿಷ. ಅವು ಊಟ ಕೊಡುತ್ತವೆ, ಆ ಊಟ ಉಣ್ಣುವುದರಿಂದಲೇ ಅವುಗಳ ಮನೆ ಸರಿಯಾಗಿ ಉಳಿಯುತ್ತದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಹಳೆಯದಾಗುವುದಿಲ್ಲ.

ಇದಲ್ಲದೆ ವಿಟಮಿನ್ ಕೆ ಮತ್ತು ಕೆಲವು ಬಿ ವಿಟಮಿನ್‌ಗಳನ್ನೂ ಮಾಡುತ್ತವೆ. ಹೊರಗಿನಿಂದ ಬರುವ ರೋಗಾಣುಗಳಿಗೆ ಜಾಗ, ಆಹಾರ ಎರಡೂ ಸಿಗದ ಹಾಗೆ ತುಂಬಿಕೊಂಡಿರುತ್ತವೆ. ಈ ಕೊನೆಯದು ಸಣ್ಣ ಉಪಕಾರ ಅಲ್ಲ.

ಒಂದೂ ಬ್ಯಾಕ್ಟೀರಿಯಾ ಇಲ್ಲದೆ ಬದುಕಲು ಆಗುವುದೇ ಇಲ್ವಾ?

ಪ್ರಯೋಗಾಲಯದ ಇಲಿಗಳು ಬದುಕುತ್ತವೆ. ಹುಟ್ಟಿದಾಗಿನಿಂದ ಮುಚ್ಚಿದ ಗೂಡಿನಲ್ಲಿ, ಸೋಸಿದ ಗಾಳಿ, ಶುದ್ಧಗೊಳಿಸಿದ ಆಹಾರ ಕೊಟ್ಟು ಅವನ್ನು ಸಾಕುತ್ತಾರೆ. ಅವುಗಳ ಆಹಾರಕ್ಕೆ ವಿಟಮಿನ್ ಕೆ ಸೇರಿಸಬೇಕು. ಮಾಮೂಲಿ ಇಲಿಯಷ್ಟೇ ತೂಕ ಉಳಿಸಿಕೊಳ್ಳಲು ಅವು ಜಾಸ್ತಿ ತಿನ್ನಬೇಕು. ದೊಡ್ಡ ಕರುಳಿನ ಮೊದಲ ಭಾಗ ಊದಿಕೊಂಡಿರುತ್ತದೆ. ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಬೆಳೆದಿರುವುದಿಲ್ಲ. ಗೂಡಿನಿಂದ ಹೊರಗೆ ತಂದರೆ ಸಣ್ಣ ಸೋಂಕೂ ಅವಕ್ಕೆ ದೊಡ್ಡದು. ಬದುಕುವುದು ಅಂದರೆ ಇಷ್ಟೇ ಆದರೆ, ಹೌದು, ಬದುಕಬಹುದು.

ಇಷ್ಟೊಂದು ಬ್ಯಾಕ್ಟೀರಿಯಾ ಒಳಗೇ ಇದ್ದರೂ ನಮ್ಮ ರೋಗನಿರೋಧಕ ಶಕ್ತಿ ಯಾಕೆ ಸುಮ್ಮನಿರುತ್ತದೆ?

ಈಗ ಬೇಲಿಯ ವಿಷಯ. ಕರುಳಿನ ಒಳಗೋಡೆಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ. ಒಂದೇ ಸಾಲು! ಅದರ ಆ ಕಡೆ ರಕ್ತ, ಈ ಕಡೆ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ನಡುವೆ ಇರುವುದು ಲೋಳೆ.

ದೊಡ್ಡ ಕರುಳಲ್ಲಿ ಈ ಲೋಳೆ ಎರಡು ಪದರವಾಗಿ ಇರುತ್ತದೆ ಅಂತ ಸ್ವೀಡನ್ನಿನ ಸಂಶೋಧಕರು 2008ರಲ್ಲಿ ಇಲಿಗಳಲ್ಲಿ ತೋರಿಸಿದರು. ಹೊರಗಿನ ಪದರ ಸಡಿಲ, ಬ್ಯಾಕ್ಟೀರಿಯಾ ಅದರಲ್ಲಿ ಓಡಾಡಿಕೊಂಡು, ಅದನ್ನೇ ಸ್ವಲ್ಪ ತಿಂದುಕೊಂಡು ಇರುತ್ತವೆ. ಗೋಡೆಗೆ ಅಂಟಿದ ಒಳಪದರ ಬಿಗಿ, ಅದರೊಳಗೆ ಬ್ಯಾಕ್ಟೀರಿಯಾ ಇಲ್ಲವೆನ್ನಬಹುದು. ಅದರ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಗೋಡೆಯ ಜೀವಕೋಶಗಳು ಇದನ್ನು ಬಿಡುವಿಲ್ಲದೆ ಸುರಿಸುತ್ತಾ ಹಳೆಯದನ್ನು ಹೊರಗೆ ತಳ್ಳುತ್ತವೆ. ಲೋಳೆಯ ಮುಖ್ಯ ಪ್ರೋಟೀನನ್ನೇ ತಯಾರಿಸಲಾಗದ ಇಲಿಗಳಲ್ಲಿ ಬ್ಯಾಕ್ಟೀರಿಯಾ ನೇರ ಗೋಡೆಗೆ ತಾಗುತ್ತವೆ, ಕರುಳು ಉರಿಯೂತದಿಂದ ಹುಣ್ಣಾಗುತ್ತದೆ.

ಲೋಳೆಯ ಜೊತೆಗೆ ಐಜಿಎ ಎಂಬ ಪ್ರತಿಕಾಯವೂ ಇದೆ. ನಮ್ಮ ಮೈ ಬೇರೆ ಎಲ್ಲ ಪ್ರತಿಕಾಯಗಳನ್ನು ಸೇರಿಸಿದರೂ ಅದಕ್ಕಿಂತ ಜಾಸ್ತಿ ಐಜಿಎಯನ್ನು ದಿನಾ ತಯಾರಿಸುತ್ತದೆ. ಅದರ ಬಹುಪಾಲು ಹೋಗುವುದು ಕರುಳಿಗೆ. ಅಲ್ಲಿ ಅದು ಬ್ಯಾಕ್ಟೀರಿಯಾಗೆ ಅಂಟಿಕೊಂಡು ಗೋಡೆಯ ಹತ್ತಿರ ಬಾರದ ಹಾಗೆ ತಡೆಯುತ್ತದೆ, ಯುದ್ಧ ಹೂಡುವುದಿಲ್ಲ. ಅಂದರೆ ನಮ್ಮ ರೋಗನಿರೋಧಕ ಶಕ್ತಿ ಸುಮ್ಮನೆ ಕೂತಿಲ್ಲ, ಹಗಲೂ ರಾತ್ರಿ ಗಡಿ ಕಾಯುತ್ತಿದೆ.

ಮಗುವಿಗೆ ಇವು ಮೊದಲು ಎಲ್ಲಿಂದ ಬರುತ್ತವೆ?

ಹೆರಿಗೆಯ ಹೊತ್ತಿನಲ್ಲಿ, ಮುಖ್ಯವಾಗಿ ತಾಯಿಯಿಂದ. ಆಮೇಲೆ ಎತ್ತಿಕೊಂಡವರಿಂದ, ಮುದ್ದಿಸಿದವರಿಂದ, ಎದೆಹಾಲಿನಿಂದ. ಆರೋಗ್ಯವಾಗಿರುವ ಗರ್ಭದಲ್ಲಿ ಮಗುವಿಗೆ ತನ್ನದೇ ಬ್ಯಾಕ್ಟೀರಿಯಾ ಇರುವುದಿಲ್ಲ ಅನ್ನುವುದು ಹೆಚ್ಚಿನ ತಜ್ಞರ ಅಭಿಪ್ರಾಯ.

ಎದೆಹಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರನ್ನು ಬಿಟ್ಟರೆ ಅದರಲ್ಲಿ ಜಾಸ್ತಿ ಇರುವುದು ಲ್ಯಾಕ್ಟೋಸ್ ಎಂಬ ಸಕ್ಕರೆ, ಆಮೇಲೆ ಕೊಬ್ಬು. ಮೂರನೇ ಸ್ಥಾನದಲ್ಲಿ ಇರುವುದು ನೂರಕ್ಕೂ ಹೆಚ್ಚು ಬಗೆಯ ವಿಚಿತ್ರ ಸಕ್ಕರೆಗಳ ಗುಂಪು. ಇವನ್ನು ಮಗು ಅರಗಿಸಿಕೊಳ್ಳಲಾರದು. ಹಾಗಾದರೆ ತಾಯಿಯ ಮೈ ಅಷ್ಟು ಕಷ್ಟಪಟ್ಟು ಅದನ್ನು ಮಾಡುವುದು ಯಾಕೆ? ಮಗುವಿನ ಕರುಳಲ್ಲಿರುವ ಬಿಫಿಡೋಬ್ಯಾಕ್ಟೀರಿಯಾಗಳಿಗಾಗಿ. ಅದರಲ್ಲೂ ಇನ್ಫ್ಯಾಂಟಿಸ್ ಎಂಬ ತಳಿ ಈ ಸಕ್ಕರೆಗಳನ್ನು ಪೂರ್ತಿ ಒಳಗೆ ಎಳೆದುಕೊಂಡು ಒಡೆಯುತ್ತದೆ. ಅದರಿಂದ ಹುಟ್ಟುವ ಆಮ್ಲ ಬೇರೆ ರೋಗಾಣುಗಳನ್ನು ದೂರ ಇಡುತ್ತದೆ. ಬರೀ ಎದೆಹಾಲು ಕುಡಿಯುವ ಕೂಸಿನ ಬಟ್ಟೆ ಬದಲಿಸಿದವರಿಗೆ ಆ ತಿಳಿ ಹಳದಿ ಮಲ, ಆ ಸಣ್ಣ ಹುಳಿ ವಾಸನೆ ಗೊತ್ತಿರುತ್ತದೆ. ಆ ಹುಳಿಯಲ್ಲಿ ಈ ಬ್ಯಾಕ್ಟೀರಿಯಾಗಳ ಕೈವಾಡ ಇದೆ. ತಾಯಿ ಒಂದೇ ಹಾಲಿನಲ್ಲಿ ಎರಡು ಜೀವಗಳಿಗೆ ಉಣಿಸುತ್ತಿದ್ದಾಳೆ.

ಸಿಸೇರಿಯನ್ ಆದರೆ ಮಗುವಿಗೆ ನಷ್ಟವಾ?

ಮೊದಲ ತಿಂಗಳುಗಳಲ್ಲಿ ವ್ಯತ್ಯಾಸ ಇರುತ್ತದೆ. ತಾಯಿಯ ಕರುಳಿನ ಕೆಲವು ಬ್ಯಾಕ್ಟೀರಿಯಾ, ಅದರಲ್ಲೂ ಬ್ಯಾಕ್ಟೀರಾಯ್ಡಿಸ್ ಗುಂಪಿನವು, ಈ ಮಕ್ಕಳಿಗೆ ತಡವಾಗಿ ಸಿಗುತ್ತವೆ. ಮಗು ಬೆಳೆದು ಘನ ಆಹಾರ ಶುರು ಮಾಡಿದ ಹಾಗೆ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಮೂರು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳ ಕರುಳೂ ದೊಡ್ಡವರ ಕರುಳಿನ ಹಾಗೆ ಆಗುತ್ತದೆ. ಸಿಸೇರಿಯನ್ ಜೀವ ಉಳಿಸುವ ಶಸ್ತ್ರಚಿಕಿತ್ಸೆ. ಅದು ಬೇಕಾಗಿ ಮಾಡಿಸಿಕೊಂಡ ಯಾವ ತಾಯಿಯೂ ಬ್ಯಾಕ್ಟೀರಿಯಾ ಲೆಕ್ಕ ಹಾಕಿ ಕೊರಗಬಾರದು. ದಯವಿಟ್ಟು.

ಬೆವರು ನಾರುವುದಕ್ಕೂ ಇವೇ ಕಾರಣವಾ?

ಹೌದು. ಕಂಕುಳಿನ ಬೆವರು ಹೊರಗೆ ಬರುವಾಗ ವಾಸನೆ ಇರುವುದಿಲ್ಲ ಅಂತಲೇ ಹೇಳಬಹುದು. ಸ್ಟ್ಯಾಫಿಲೋಕಾಕಸ್ ಹೋಮಿನಿಸ್, ಕೊರಿನೆಬ್ಯಾಕ್ಟೀರಿಯಂ ಮುಂತಾದವು ಅದನ್ನು ಒಡೆದಾಗ ಗಂಧಕ ಇರುವ ಅಣುಗಳು ಬಿಡುಗಡೆಯಾಗಿ ವಾಸನೆ ಬರುತ್ತದೆ. ಅವನ್ನು ಪೂರ್ತಿ ಒರೆಸಿ ಹಾಕಬೇಕು ಅಂತ ಹೊರಡಬೇಡಿ. ಚರ್ಮದ ಬ್ಯಾಕ್ಟೀರಿಯಾಗಳೂ ಕಾವಲು ಕಾಯುತ್ತವೆ. ಕೆಲವರ ಮೂಗಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಲಗ್ಡುನಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿ, ಕೀವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನು ದೂರ ಇಡುತ್ತದೆ ಅಂತ 2016ರಲ್ಲಿ ಗೊತ್ತಾಯಿತು.

ಬಾಯಿಯಲ್ಲಿ?

ಮೈಯ ಬ್ಯಾಕ್ಟೀರಿಯಾ ಮನುಷ್ಯನ ಕಣ್ಣಿಗೆ ಬಿದ್ದ ಮೊದಮೊದಲ ಜಾಗಗಳಲ್ಲಿ ಬಾಯಿಯೂ ಒಂದು. ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ತಾನೇ ಮಸೂರ ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಳ್ಳುತ್ತಿದ್ದ. ಹಲ್ಲಿನ ಸಂದಿಯಲ್ಲಿ ಕೂತಿದ್ದ ಬಿಳಿ ಹಿಟ್ಟಿನಂಥ ಕೊಳೆಯನ್ನು ಕೆರೆದು, ಮಳೆನೀರಿನಲ್ಲಿ ಕಲಸಿ ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು. 1683ರಲ್ಲಿ ರಾಯಲ್ ಸೊಸೈಟಿ ಎಂಬ ಲಂಡನ್ನಿನ ವಿಜ್ಞಾನಿಗಳ ಸಂಘಕ್ಕೆ ಪತ್ರ ಬರೆದ. ಅವನು ದಿನಾ ಹಲ್ಲುಜ್ಜುವವನೇ ಆಗಿದ್ದ!

ಹಲ್ಲು ಹುಳುಕು ಮಾಡುವವೂ ಬಾಯಿಯಲ್ಲೇ ಇವೆ, ಉಪಕಾರ ಮಾಡುವವೂ ಇವೆ. ಸೊಪ್ಪು ತಿಂದಾಗ ಅದರಲ್ಲಿನ ನೈಟ್ರೇಟ್ ರಕ್ತಕ್ಕೆ ಹೋಗಿ, ಮತ್ತೆ ಜೊಲ್ಲಿನಲ್ಲಿ ಬಾಯಿಗೆ ಬರುತ್ತದೆ. ನಾಲಗೆಯ ಹಿಂಭಾಗದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದ ಮೇಲೆ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಷ್ ಒಂದು ವಾರ ಬಳಸಿದವರಲ್ಲಿ ರಕ್ತದೊತ್ತಡ ಸ್ವಲ್ಪ ಏರಿದ್ದು ಕಂಡುಬಂದಿದೆ. ವೈದ್ಯರು ಹೇಳಿದ್ದರೆ ಬಳಸಿ, ಇಲ್ಲದಿದ್ದರೆ ಹಲ್ಲುಜ್ಜಿದರೆ ಸಾಕು.

ಹೂಸು ಜಾಸ್ತಿ ಬಂದರೆ ಕರುಳು ಕೆಟ್ಟಿದೆ ಅಂತ ಅರ್ಥವಾ?

ಅಲ್ಲ. ನಾರು ಹುದುಗಿದರೆ ಗಾಳಿ ಆಗುತ್ತದೆ, ಅಷ್ಟೆ. ಹೊಟ್ಟೆನೋವು, ಭೇದಿ, ರಕ್ತ, ತೂಕ ಇಳಿಯುವುದು ಜೊತೆಗೆ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಆ್ಯಂಟಿಬಯಾಟಿಕ್ಸ್ ತೆಗೆದುಕೊಂಡರೆ ಇವಕ್ಕೆ ಏನಾಗುತ್ತದೆ?

ತುಂಬಾ ಸಾಯುತ್ತವೆ. ನನಗೆ ಒಮ್ಮೆ ಹಲ್ಲಿನ ಬುಡದಲ್ಲಿ ಕೀವಾಗಿ ಐದು ದಿನದ ಮಾತ್ರೆ ಕೊಟ್ಟಿದ್ದರು. ಮೂರನೇ ದಿನಕ್ಕೆ ಹಲ್ಲಿನ ಬಾವು ಇಳಿಯಿತು, ಹೊಟ್ಟೆ ಕೆಟ್ಟಿತು. ದವಡೆಯ ಮೂಲೆಗೆ ಅಂತ ನುಂಗಿದ ಮಾತ್ರೆ ಕರುಳಿಗೂ ಹೋಗಿತ್ತಲ್ಲ. ಕೋರ್ಸ್ ಮುಗಿದು ಒಂದು ವಾರದಲ್ಲಿ ಸರಿಹೋದೆ. ಆ ಮಾತ್ರೆ ನನಗೆ ಬೇಕಾಗಿತ್ತು, ಅದರ ಬಗ್ಗೆ ಬೇಸರವಿಲ್ಲ.

ಹೆಚ್ಚಿನವರಿಗೆ ಹೀಗೇ ಸರಿಹೋಗುತ್ತದೆ, ಆದರೆ ಪೂರ್ತಿ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮೂರು ಬಲವಾದ ಆ್ಯಂಟಿಬಯಾಟಿಕ್ಸ್ ಕೊಟ್ಟರು. ಒಂದೂವರೆ ತಿಂಗಳಲ್ಲಿ ಬಹುಪಾಲು ಮೊದಲಿನ ಹಾಗೆ ಆಯಿತು. ಆದರೂ ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಗಳು 180 ದಿನ ಕಳೆದರೂ ಹೆಚ್ಚಿನವರಲ್ಲಿ ಸಿಗಲಿಲ್ಲ.

ಕೆಲವರಿಗೆ ಅಪಾಯವೂ ಆಗುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಕಾದು ಕೂತಿರುತ್ತದೆ. ಮಾಮೂಲಿ ದಿನಗಳಲ್ಲಿ ಕರುಳಿನ ಉಳಿದ ಬ್ಯಾಕ್ಟೀರಿಯಾ ಪಿತ್ತರಸದ ಆಮ್ಲಗಳನ್ನು ಬದಲಿಸಿ ಅದು ಬೆಳೆಯದ ಹಾಗೆ ನೋಡಿಕೊಳ್ಳುತ್ತವೆ. ಅವು ಸತ್ತರೆ ಇದಕ್ಕೆ ಹಬ್ಬ. ವಯಸ್ಸಾದವರಿಗೆ, ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದವರಿಗೆ ಈ ಭೇದಿ ಪ್ರಾಣಕ್ಕೇ ಸಂಚಕಾರ.

ವೈದ್ಯರು ಬರೆದುಕೊಟ್ಟಾಗ ಹೆದರದೆ, ಹೇಳಿದ ಹಾಗೆ ತೆಗೆದುಕೊಳ್ಳಿ. ನೆಗಡಿಗೆ, ವೈರಲ್ ಜ್ವರಕ್ಕೆ ನೀವೇ ತಂದು ನುಂಗಬೇಡಿ. ಅವು ವೈರಸ್ಸಿಗೆ ಏನೂ ಮಾಡುವುದಿಲ್ಲ, ಒಳಗಿನವರನ್ನು ಮಾತ್ರ ಕೊಲ್ಲುತ್ತವೆ.

ಹಾಗಾದರೆ ಪ್ರೋಬಯಾಟಿಕ್ ಮಾತ್ರೆ ತಿಂದರೆ ಆಯಿತಲ್ವಾ?

ಅಷ್ಟು ಸುಲಭ ಇಲ್ಲ. ಪ್ರೋಬಯಾಟಿಕ್ ಅಂದರೆ ಒಳ್ಳೆಯದಾಗಲಿ ಅಂತ ತಿನ್ನುವ ಜೀವಂತ ಬ್ಯಾಕ್ಟೀರಿಯಾ. ಆ್ಯಂಟಿಬಯಾಟಿಕ್ಸ್ ಜೊತೆ ಕೆಲವು ನಿರ್ದಿಷ್ಟ ತಳಿಗಳನ್ನು ಕೊಟ್ಟರೆ ಭೇದಿ ಕಡಿಮೆಯಾಗುವುದು ಉಂಟು. ಆದರೆ 2018ರಲ್ಲೇ ಇನ್ನೊಂದು ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ಸ್ ಆದಮೇಲೆ ಪ್ರೋಬಯಾಟಿಕ್ ತಿಂದವರ ಕರುಳು ಏನೂ ತಿನ್ನದವರಿಗಿಂತ ತಡವಾಗಿ ಮೊದಲಿನ ಸ್ಥಿತಿಗೆ ಬಂತು. ಡಬ್ಬಿಯಲ್ಲಿ ಬಂದವು ಜಾಗ ಹಿಡಿದು ಕೂತರೆ ಹಳಬರು ವಾಪಸ್ ಬರುವುದು ಕಷ್ಟ. ತೀರಾ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ವೈದ್ಯರನ್ನು ಕೇಳದೆ ಕೊಡಲೇಬೇಡಿ.

ಒಬ್ಬರ ಮಲವನ್ನು ಇನ್ನೊಬ್ಬರ ಕರುಳಿಗೆ ಹಾಕುತ್ತಾರಂತೆ, ನಿಜವಾ?

ನಿಜ. ಮುಖ ಸಿಂಡರಿಸಬೇಡಿ, ಇದು ಎಷ್ಟೋ ಜನರನ್ನು ಬದುಕಿಸಿದೆ. ಮೇಲೆ ಹೇಳಿದ ಡಿಫಿಸಿಲ್ ಭೇದಿ ಕೆಲವರಿಗೆ ಎಷ್ಟು ಔಷಧಿ ಕೊಟ್ಟರೂ ಮರುಕಳಿಸುತ್ತದೆ. ಅಂಥವರಿಗೆ ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಸೋಸಿ, ಕೊಳವೆಯ ಮೂಲಕ ಕೊಡುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 16 ಮಂದಿಯಲ್ಲಿ 13 ಜನಕ್ಕೆ ಒಂದೇ ಸಲಕ್ಕೆ ಗುಣವಾಯಿತು, ಇನ್ನೊಮ್ಮೆ ಕೊಟ್ಟಾಗ ಮತ್ತಿಬ್ಬರಿಗೆ ಗುಣವಾಯಿತು. ಬರೀ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ಕೇ ಜನ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲ. 2019ರಲ್ಲಿ ಅಮೆರಿಕದಲ್ಲಿ, ಸರಿಯಾಗಿ ಪರೀಕ್ಷಿಸದ ಮಲದಲ್ಲಿ ಔಷಧಿಗೆ ಬಗ್ಗದ ಈ.ಕೋಲಿ ಇದ್ದು ಒಬ್ಬ ರೋಗಿ ತೀರಿಕೊಂಡರು.

ಕರುಳಿನ ಬ್ಯಾಕ್ಟೀರಿಯಾ ನಮ್ಮ ಮನಸ್ಸನ್ನೂ ನಡೆಸುತ್ತವಾ?

ಸೆರೊಟೋನಿನ್ ಅಂದರೆ ಮನಸ್ಥಿತಿಯ ಜೊತೆ ನಂಟಿರುವ ಒಂದು ರಾಸಾಯನಿಕ. ಮೈಯ ಸೆರೊಟೋನಿನ್‌ನಲ್ಲಿ ಸುಮಾರು 90 ಶೇಕಡಾ ಕರುಳಲ್ಲೇ ತಯಾರಾಗುತ್ತದೆ ಅನ್ನುವುದು ಸರಿ. ಆದರೆ ಅದು ಮೆದುಳಿಗೆ ದಾಟುವುದಿಲ್ಲ. ಈ ಎರಡನೇ ಸಾಲನ್ನು ಜಾಹೀರಾತುಗಳು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಇಲ್ಲದ ಇಲಿಗಳು ಒತ್ತಡಕ್ಕೆ ಬೇರೆ ಥರ ಪ್ರತಿಕ್ರಿಯಿಸುತ್ತವೆ, ಕರುಳಿಗೂ ಮೆದುಳಿಗೂ ನರದ ನಂಟು ಇದೆ, ಇಷ್ಟು ಖಚಿತ. ಇದನ್ನು ನಂಬಿ ಖಿನ್ನತೆಯ ಔಷಧಿ ನಿಲ್ಲಿಸಿ ಪ್ರೋಬಯಾಟಿಕ್ ಹಿಡಿಯುವುದು ತಪ್ಪು, ಹಾಗೆ ಮಾಡಬೇಡಿ.

ನಾವು ತೆಗೆದುಕೊಳ್ಳುವ ಔಷಧಿಯನ್ನೂ ಇವು ತಿಂದುಹಾಕುತ್ತವಾ?

ಕೆಲವನ್ನು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಅನ್ನು ಎಗ್ಗರ್ತೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ನಿಷ್ಕ್ರಿಯ ಮಾಡಬಲ್ಲದು. ಉಲ್ಟಾ ಉದಾಹರಣೆಯೂ ಇದೆ. ಸಲ್ಫಾಸಲಜೀನ್ ಎಂಬ ಔಷಧಿಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಎರಡಾಗಿ ಒಡೆದರೇನೇ ಅದು ಅಲ್ಲಿ ಕೆಲಸ ಮಾಡುವುದು.

ನಮ್ಮ ಜೀವಕೋಶದ ಒಳಗೂ ಬ್ಯಾಕ್ಟೀರಿಯಾ ಇದೆ ಅನ್ನುತ್ತಾರಲ್ಲ?

ಮೈಟೊಕಾಂಡ್ರಿಯಾ ವಿಷಯ ಅದು. ಜೀವಕೋಶಕ್ಕೆ ಶಕ್ತಿ ಕೊಡುವ ಈ ಪುಟ್ಟ ಭಾಗಗಳು ನೂರು ಕೋಟಿ ವರ್ಷಕ್ಕೂ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು, ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ಉಳಿದವು. ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಇದನ್ನು ಗಟ್ಟಿಯಾಗಿ ವಾದಿಸಿದಾಗ ಒಪ್ಪಿದವರು ಕಡಿಮೆ. ಅವುಗಳಿಗೆ ಇವತ್ತಿಗೂ ತಮ್ಮದೇ ಉಂಗುರದಂಥ ಡಿಎನ್‌ಎ ಇದೆ, 37 ಜೀನ್‌ಗಳು. ಅದು ನಮಗೆ ಬರುವುದು ತಾಯಿಯಿಂದ. ಬೇಲಿ ದಾಟಿ ಬಂದು ಮನೆಯವರೇ ಆಗಿಹೋದವರು ಇವರು.

ಮಲ ಪರೀಕ್ಷೆ ಮಾಡಿಸಿ ನನ್ನ ಬ್ಯಾಕ್ಟೀರಿಯಾ ಸರಿ ಇವೆಯಾ ಅಂತ ನೋಡಬಹುದಾ?

ಪಟ್ಟಿ ಬರುತ್ತದೆ. ಆದರೆ ಆರೋಗ್ಯವಂತರ ಪಟ್ಟಿ ಹೀಗೇ ಇರಬೇಕು ಅಂತ ಒಪ್ಪಿತವಾದ ಅಳತೆ ಇಲ್ಲ. ಇಬ್ಬರು ಆರೋಗ್ಯವಂತರ ಕರುಳು ತುಂಬಾ ಬೇರೆ ಬೇರೆ ಇರಬಹುದು. ಕುತೂಹಲಕ್ಕೆ ಮಾಡಿಸುವುದಾದರೆ ಸರಿ, ಚಿಕಿತ್ಸೆಗೆ ಅಲ್ಲ.

ಅವುಗಳಿಗೆ ನಾನು ಏನು ಮಾಡಬಹುದು?

ನಾರು ತಿನ್ನಿ, ಬಗೆಬಗೆಯದು ತಿನ್ನಿ: ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ. ನಾರು ಸಿಗದೇ ಹೋದರೆ ಬ್ಯಾಕ್ಟೀರಿಯಾ ಸುಮ್ಮನೆ ಹಸಿದು ಕೂರುವುದಿಲ್ಲ, ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ. ಇಲಿಗಳಲ್ಲಿ ಹೀಗೆ ಲೋಳೆ ತೆಳ್ಳಗಾಗಿ ರೋಗಾಣುಗಳು ಗೋಡೆ ಮುಟ್ಟಿದ್ದನ್ನು 2016ರಲ್ಲಿ ತೋರಿಸಿದ್ದಾರೆ. ಅವುಗಳಿಗೆ ಉಣಿಸದಿದ್ದರೆ ಬೇಲಿಯನ್ನೇ ಮೇಯುತ್ತವೆ. ಹುದುಗು ಬರಿಸಿದ ಆಹಾರವೂ ಇರಲಿ. ನಾರನ್ನು ಒಂದೇ ದಿನಕ್ಕೆ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ ಏರಿಸಿ.

ನಾವು ಸತ್ತ ಮೇಲೆ ಅವು ಏನಾಗುತ್ತವೆ?

ತಕ್ಷಣ ಸಾಯುವುದಿಲ್ಲ. ಹೃದಯ ನಿಂತ ಮೇಲೆ ಲೋಳೆ ಸುರಿಸುವವರಿಲ್ಲ, ಐಜಿಎ ಇಲ್ಲ, ಬಿಳಿ ರಕ್ತಕಣಗಳ ಕಾವಲಿಲ್ಲ. ಕರುಳಿನವು ಗೋಡೆ ದಾಟಿ ಹೊರಗೆ ಬರುತ್ತವೆ. ಸತ್ತವರ ಮೈಯಲ್ಲಿ ಮೊದಲ ಹಸಿರು ಛಾಯೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೊಟ್ಟೆಯ ಬಲಭಾಗದ ಕೆಳಗೆ. ದೊಡ್ಡ ಕರುಳು ಶುರುವಾಗುವ ಜಾಗ ಅದು, ಚರ್ಮಕ್ಕೆ ಹತ್ತಿರ ಇರುತ್ತದೆ. ಹಿಂದಿನ ದಿನದವರೆಗೂ ಅಲ್ಲೇ ನಾರು ಹುದುಗಿಸಿಕೊಂಡು ಕರುಳಿನ ಗೋಡೆಗೆ ಊಟ ಬಡಿಸುತ್ತಿದ್ದವುಗಳದ್ದೇ ಈ ಕೆಲಸ.